ಎಲ್ಲರ ಶಾಸ್ತ್ರ, ಅವರವರ ಕೈ

ಮದುವೆಯ ಮನೆಗಳನ್ನು ನಾನು ನೋಡುವುದು ಮದುವೆ ಮುಗಿದು, ಚಪ್ಪರದ ಸೋಗೆ ಬಿಚ್ಚಿ, ನೆಂಟರೆಲ್ಲ ಊರು ಸೇರಿದ ಮೇಲೆ. ನನ್ನ ತಮ್ಮ ಕ್ಯಾಮೆರಾ ಹೊತ್ತು ಹೋಗಿ ಬರುತ್ತಾನೆ. ಅವನು ತಂದ ಮೆಮೊರಿ ಕಾರ್ಡುಗಳು ಸಾಗರದ ನಮ್ಮ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ನನ್ನ ಕಂಪ್ಯೂಟರಿಗೆ ಇಳಿಯುತ್ತವೆ. ಅಲ್ಲಿಂದ ಮುಂದೆ ಎಡಿಟಿಂಗ್ ನನ್ನ ಕೆಲಸ. ಹೆಚ್ಚಿನ ಜೋಡಿಗಳನ್ನು ನಾನು ಮುಖತಃ ಕಂಡವಳಲ್ಲ. ಆದರೂ ಫುಟೇಜ್ ನೋಡುತ್ತ ನೋಡುತ್ತ ಅವರು ನನಗೆ ಹತ್ತಿರದವರಾಗುತ್ತಾರೆ. ಈ ಹುಡುಗಿ ನಗುವ ಮೊದಲು ಕೆಳದುಟಿ ಕಚ್ಚಿಕೊಳ್ಳುತ್ತಾಳೆ ಎಂದು ಗೊತ್ತಾಗುತ್ತದೆ. ಈ ಹುಡುಗ ಗಾಬರಿಯಾದಾಗಲೆಲ್ಲ ವಾಚು ಬಿಚ್ಚಿಟ್ಟ ಬರಿಯ ಮಣಿಕಟ್ಟನ್ನು ಸವರಿಕೊಳ್ಳುತ್ತಾನೆ ಎಂದು ಗೊತ್ತಾಗುತ್ತದೆ. ದಿನವಿಡೀ ಎಲ್ಲರ ಮೇಲೂ ರೇಗುತ್ತ ಓಡಾಡಿದ ಹುಡುಗಿಯ ಚಿಕ್ಕಪ್ಪ, ಹೆಣ್ಣು ಒಪ್ಪಿಸುವ ಹೊತ್ತಿಗೆ ಕಂಬದ ಹಿಂದೆ ಸರಿದು ಕಣ್ಣೊರೆಸಿಕೊಳ್ಳುವುದೂ ಕಾಣುತ್ತದೆ. ಮದುವೆಗೆ ಬಂದವರಿಗೆ ಉಡುಗೊರೆ ಕೊಡುವ, ಪಂಕ್ತಿ ಹಿಡಿಯುವ, ಕೊನೆಯ ಬಸ್ಸಿಗೆ ಹೊರಡುವ ಅವಸರವಿರುತ್ತದೆ. ನನಗೆ ನೋಡುವುದೊಂದೇ ಕೆಲಸ.

“ನಮ್ಮ ವಿಡಿಯೋ ನಮ್ಮ ಥರಾನೇ ಇರಬೇಕು ಅಕ್ಕಾ, ಎಲ್ಲರ ಥರ ಬೇಡ.” ಮದುವೆ ಗೊತ್ತಾದ ಹುಡುಗ ಹುಡುಗಿಯರು ಈಗ ಸ್ಟುಡಿಯೋಕ್ಕೆ ಬಂದರೆ ಮೊದಲು ಆಡುವ ಮಾತು ಇದು. ಸ್ಟುಡಿಯೋ ನಡೆಸುತ್ತಿದ್ದ ಅಪ್ಪನ ಕಾಲದಲ್ಲಿ ಹೀಗೆ ಕೇಳುವವರು ಇರಲಿಲ್ಲ. ಆಗ ವಿಡಿಯೋ ಮಾತಾಡಲು ಬರುತ್ತಿದ್ದವರು ಹುಡುಗಿಯ ಅಪ್ಪ, ಇಲ್ಲವೇ ಸೋದರಮಾವ. ಎಷ್ಟು ಕ್ಯಾಸೆಟ್ಟಾಗುತ್ತದೆ, ಎಷ್ಟು ದುಡ್ಡು, ಗಂಡಿನ ಕಡೆಯವರೆಲ್ಲ ಬರುತ್ತಾರಾ ಎಂದು ವಿಚಾರಿಸಿ, ಮುಂಗಡ ಕೊಟ್ಟು ಹೋಗುತ್ತಿದ್ದರು. ಈಗ ಮದುವೆಯಾಗುವವರೇ ಜೊತೆಯಾಗಿ ಬಂದು ಕುರ್ಚಿ ಎಳೆದುಕೊಂಡು ಕೂತು ತಮ್ಮ ಬಗ್ಗೆ ಹೇಳಿಕೊಳ್ಳುತ್ತಾರೆ. ಇದನ್ನು ಕಂಡರೆ ನನಗೆ ತುಂಬ ಸಂತೋಷ. ತಾನು ಹೇಗೆ ನೆನಪಾಗಿ ಉಳಿಯಬೇಕು ಎಂದು ಹೇಳುವ ಅವಕಾಶ ಮದುಮಗಳಿಗೆ ಸಿಕ್ಕಿರುವುದು ಸಣ್ಣ ಸಂಗತಿಯಲ್ಲ. ಆದರೆ ‘ನಮ್ಮ ಥರ’ ಅಂದರೆ ಯಾವ ಥರ? ಅದನ್ನು ಎಲ್ಲಿ ಹುಡುಕಬೇಕು? ಬೇರೆಯವರ ಮದುವೆಗಳನ್ನು ಕತ್ತರಿಸಿ ಜೋಡಿಸುತ್ತ ಬಂದ ನನ್ನನ್ನು ಬಿಡದೆ ಕಾಡಿದ ಪ್ರಶ್ನೆ ಇದು.

ಮೊದಲು ಹೊಳೆಯುವ ಉತ್ತರ ಜಾಗದ್ದು, ಬಟ್ಟೆಯದ್ದು. ಹುಡುಗನಿಗೆ ಬೈಕ್ ಹುಚ್ಚು, ಹಾಗಾದರೆ ಬೈಕ್ ಮೇಲೊಂದು ಶಾಟ್. ಹುಡುಗಿ ಭರತನಾಟ್ಯ ಕಲಿತವಳು, ಹಾಗಾದರೆ ಗೆಜ್ಜೆಯದೊಂದು ಶಾಟ್. ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚು, ಮರವಂತೆಯ ಕಡಲು, ಹಂಪಿಯ ಬಂಡೆಗಳು, ಎಲ್ಲ ಕಡೆಗೂ ತಮ್ಮ ಪ್ರಿ-ವೆಡ್ಡಿಂಗ್ ಶೂಟ್‌ಗೆ ಹೋಗಿದ್ದಾನೆ. ಚೆಂದದ ಜಾಗಗಳು. ಮದುವೆಗೆ ಮುಂಚೆ ಇಬ್ಬರೂ ಒಂದು ದಿನ ಜೊತೆಯಾಗಿ ಓಡಾಡಿ ಮಾತಾಡಿಕೊಳ್ಳುವುದಕ್ಕೆ ಒಳ್ಳೆಯ ನೆವವೂ ಹೌದು. ಆದರೆ ಆ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ. ಹೇಳಿದ ಕಡೆ ತಿರುಗಿ, ಹೇಳಿದಾಗ ನಕ್ಕು, ಹೇಳಿದಷ್ಟು ಹೆಜ್ಜೆ ನಡೆದರೆ, ಹಿಂದಿರುವ ಬಂಡೆ ಎಷ್ಟೇ ಬದಲಾದರೂ ಜೋಡಿಗಳೆಲ್ಲ ಒಂದೇ ಥರ ಕಾಣುತ್ತವೆ. ಅವರವರ ಗುಣ ಎದ್ದು ಬರುವುದು, ಆಶ್ಚರ್ಯವೆಂಬಂತೆ, ಎಲ್ಲರಿಗೂ ಒಂದೇ ಆಗಿರುವ ಶಾಸ್ತ್ರದ ಹೊತ್ತಿನಲ್ಲಿ.

ಶಾಸ್ತ್ರಕ್ಕೆ ಯಾರ ಸ್ವಭಾವದ ಗೊಡವೆಯೂ ಇಲ್ಲ. ಹಸೆಮಣೆಯ ಮೇಲೆ ಕೂತ ಹುಡುಗ ಆ ಹೊತ್ತಿಗೆ ನಾರಾಯಣ, ಹುಡುಗಿ ಲಕ್ಷ್ಮಿ. ಪದವಿ, ಸಂಬಳ, ಜಗಳಗಂಟತನ, ಸಂಕೋಚ ಎಲ್ಲ ಚಪ್ಪರದ ಹೊರಗೆ. ಅಜ್ಜ ಅಜ್ಜಿಗೆ ಹಿಡಿದ ಅಂತರಪಟವನ್ನೇ ಮೊಮ್ಮಗಳಿಗೂ ಹಿಡಿಯುತ್ತಾರೆ. ಅವರು ಹಾಕಿದ ಏಳು ಹೆಜ್ಜೆಯನ್ನೇ ಇವರೂ ಹಾಕುತ್ತಾರೆ. ಆ ಸಾಲಿನಲ್ಲಿ ತಾನೂ ಒಬ್ಬಳು ಎಂಬ ಭಾವಕ್ಕಾಗಿಯೇ ಎಷ್ಟೋ ಜನ ಶಾಸ್ತ್ರ ಬಯಸುತ್ತಾರೆ. ಅಂಥ ಕಡೆ ಒಬ್ಬೊಬ್ಬರ ವ್ಯಕ್ತಿತ್ವ ತೋರಿಸಿ ಎಂದರೆ ಹೇಗೆ?

ಈ ಗಂಟನ್ನು ನನಗೆ ಬಿಡಿಸಿಕೊಟ್ಟದ್ದು ನಮ್ಮ ಸೀಮೆಯ ಹಸೆ ಚಿತ್ತಾರ. ಸಾಗರ, ಸೊರಬದ ಕಡೆ ದೀವರ ಮನೆಗಳಲ್ಲಿ ಮದುವೆ ಬಂತೆಂದರೆ ಹೆಂಗಸರು ಗೋಡೆಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ಬಿಳಿಗೆ ಅಕ್ಕಿ ಅರೆದ ಹಿಟ್ಟು, ಕಪ್ಪಿಗೆ ಕರಟುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚವೆಂದರೆ ಪುಂಡಿ ನಾರು. ಮದುಮಕ್ಕಳನ್ನು ಕೂರಿಸುವುದು ಆ ಹಸೆಗೋಡೆಯ ಮುಂದೆ. ಕ್ಯಾಮೆರಾ ಎಂಬುದು ಹುಟ್ಟುವ ಮೊದಲಿನಿಂದಲೂ ನಮ್ಮಲ್ಲಿ ಮದುವೆಗೊಂದು ಚಿತ್ರ ಇತ್ತು, ಅದನ್ನು ಮನೆಯ ಹೆಂಗಸರೇ ಬರೆಯುತ್ತಿದ್ದರು ಎಂದು ನೆನೆದರೆ ನನಗೆ ನನ್ನ ಕಸುಬಿನ ಮೇಲೆ ಗೌರವ ಹೆಚ್ಚುತ್ತದೆ. ಆ ಚಿತ್ತಾರದ ನಡುವಿರುವ ಮದುಮಕ್ಕಳು ಯಾವ ಮನೆಯ ಗೋಡೆಯಲ್ಲಾದರೂ ಅದೇ ಮದುಮಕ್ಕಳು. ಗೆರೆ, ಎಳೆ, ಅಂಚು ಎಲ್ಲ ಪರಂಪರೆ ಕೊಟ್ಟದ್ದು. ಆದರೆ ಚಿತ್ತಾರ ಬರೆಯುವ ಹಿರಿಯಳೊಬ್ಬಳನ್ನು ನಾನು ಬಲ್ಲೆ. ಯಾವ ಗೋಡೆಯ ಮುಂದೆ ನಿಲ್ಲಿಸಿದರೂ “ಇದು ಇಂಥವಳ ಕೈ” ಎಂದು ಆಕೆ ಹೇಳಿಬಿಡುತ್ತಾಳೆ. ಒಬ್ಬಳು ಎಳೆಯನ್ನು ಒಂದೇ ಉಸಿರಿಗೆ ಎಳೆಯುತ್ತಾಳಂತೆ, ಇನ್ನೊಬ್ಬಳು ನಡುವೆ ತಡೆಯುತ್ತಾಳಂತೆ. ಚಿತ್ತಾರ ಎಲ್ಲರದು, ಕೈ ಅವರವರದು. ಮದುವೆಯೂ ಹೀಗೆಯೇ ಎಂದು ನನಗೆ ಆಗ ಮನಸ್ಸಿಗೆ ಬಂತು. ಶಾಸ್ತ್ರ ಒಂದೇ ಆಗಿರುವುದರಿಂದಲೇ ಅದನ್ನು ಮಾಡುವ ಕೈಗಳ ಬೇರೆತನ ಕಾಣುತ್ತದೆ.

ಅಂತರಪಟ ಸರಿಸುವ ಒಂದು ಗಳಿಗೆಯನ್ನೇ ತೆಗೆದುಕೊಳ್ಳಿ. ಪುರೋಹಿತರು ಮಂಗಳಾಷ್ಟಕ ಮುಗಿಸುತ್ತಾರೆ, ಗಟ್ಟಿಮೇಳ ಏರುತ್ತದೆ, ಬಟ್ಟೆ ಕೆಳಗಿಳಿಯುತ್ತದೆ, ಜೀರಿಗೆ ಬೆಲ್ಲ ಎರಚುತ್ತಾರೆ. ಎಲ್ಲ ಕಡೆಯೂ ಇಷ್ಟೇ. ಒಬ್ಬಳು ಮುಷ್ಟಿ ಬಿಗಿಹಿಡಿದು ಕಾದಿದ್ದು ಮೊದಲು ತಾನೇ ಎರಚಿ ಗೆದ್ದ ಸಂತೋಷದಲ್ಲಿ ಗೆಳತಿಯರತ್ತ ನೋಡುತ್ತಾಳೆ. ಇನ್ನೊಬ್ಬಳು ಅವನ ಕಣ್ಣಿಗೆ ಬೀಳದಿರಲಿ ಎಂದು ಭುಜಕ್ಕೆ ಗುರಿಯಿಟ್ಟು ಹಾಕುತ್ತಾಳೆ. ಒಬ್ಬ ಹುಡುಗ ಬಟ್ಟೆ ಇಳಿದ ತಕ್ಷಣ ಹುಡುಗಿಯನ್ನು ನೋಡುವ ಮೊದಲು ತನ್ನ ತಾಯಿಯತ್ತ ನೋಡಿದ. ತಾಯಿ ನೋಡಿದ್ದು ಸೊಸೆಯನ್ನು. ಆ ಮೂವರ ನೋಟಗಳು ಎರಡು ಸೆಕೆಂಡಿನೊಳಗೆ ಸುತ್ತಿ ಬಂದವು. ಧಾರೆಯೆರೆಯುವಾಗ ಕೈಮೇಲೆ ಕೈಯಿಟ್ಟ ನಾಲ್ವರ ಬೆರಳುಗಳಲ್ಲಿ ಯಾವುದು ನಡುಗುತ್ತಿದೆ, ಯಾವುದು ಅದನ್ನು ಹಿಡಿದು ನಿಲ್ಲಿಸಿದೆ ಎಂದು ನೋಡಿ. ಸಪ್ತಪದಿಯಲ್ಲಿ ಮುಂದೆ ನಡೆಯುವವನು ಸೀರೆಯ ನೆರಿಗೆಗೆ ಕಾಲು ತೊಡರೀತೆಂದು ಹೆಜ್ಜೆ ಚಿಕ್ಕದು ಮಾಡುತ್ತಾನೋ, ಪುರೋಹಿತರ ಅವಸರಕ್ಕೆ ಹೆಜ್ಜೆ ಹಾಕುತ್ತಾನೋ ನೋಡಿ. ಸ್ವಭಾವವನ್ನು ಯಾರೂ ಹೊಸದಾಗಿ ಸೇರಿಸಬೇಕಾಗಿಲ್ಲ. ಅದು ಅಲ್ಲಿದೆ, ಕಾಣುವಷ್ಟು ಹೊತ್ತು ಕ್ಯಾಮೆರಾ ನಿಲ್ಲಬೇಕು.

ನಿಲ್ಲುವುದನ್ನು ಅಪ್ಪ ಕಲಿತದ್ದು ಹೆಗ್ಗೋಡಿನಲ್ಲಿ. ಸಾಗರದ ಪಕ್ಕದ ಆ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ನಾಟಕಕ್ಕೆ ಹೆಸರಾದದ್ದು ಎಲ್ಲರಿಗೂ ಗೊತ್ತು. ಕೆ.ವಿ. ಸುಬ್ಬಣ್ಣನವರು ಅಲ್ಲಿ ಅಡಿಕೆ ತೋಟದ ಜನರಿಗೆ ಜಗತ್ತಿನ ಸಿನಿಮಾಗಳನ್ನೂ ತೋರಿಸಿದರು, ಚಲನಚಿತ್ರ ರಸಗ್ರಹಣ ಶಿಬಿರಗಳನ್ನು ನಡೆಸಿದರು. ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ಅಪ್ಪ ಅಲ್ಲಿಗೆ ಹೋಗಿ ‘ಪಥೇರ್ ಪಾಂಚಾಲಿ’ ನೋಡಿ ಬಂದವರು. ಸತ್ಯಜಿತ್ ರೇ ಅವರ ಆ ಚಿತ್ರದ ಮುದುಕಿಯನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. “ಆ ಅಜ್ಜಿ ನಡೆಯೋದು ನೋಡು. ಕ್ಯಾಮೆರಾ ಆಕೆಗೆ ಅವಸರ ಮಾಡೋದಿಲ್ಲ” ಎನ್ನುತ್ತಿದ್ದರು. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣದ ಟೀವಿ ಬಂತು. ಅದರ ಬೆನ್ನಿಗೆ ವಿಸಿಆರ್‌ಗಳು, ನಿಧಾನವಾಗಿ ನಮ್ಮಂಥ ಊರಿಗೂ ವಿಎಚ್‌ಎಸ್ ಕ್ಯಾಮೆರಾ. ಹೆಗಲ ಮೇಲಿಟ್ಟುಕೊಳ್ಳುವ ಭಾರದ ಕ್ಯಾಮೆರಾ, ಅದರ ಹಿಂದೆ ವಯರು ಎಳೆದುಕೊಂಡು ಬರುವ ಹ್ಯಾಲೋಜನ್ ದೀಪದ ಹುಡುಗ. ಆ ದೀಪದ ಕಾವಿಗೆ ಮದುಮಗಳ ಹಣೆಯ ಕುಂಕುಮ ಕರಗುತ್ತಿತ್ತು, ಬೆಳಕು ಬಿದ್ದ ಕಡೆ ಮಾತು ನಿಲ್ಲುತ್ತಿತ್ತು. ಹಾಗಾಗಿ ಅಪ್ಪ ಮದುವೆಯ ಹಿಂದಿನ ಸಂಜೆ ಕ್ಯಾಮೆರಾ ಇಲ್ಲದೆಯೇ ಆ ಮನೆಗೆ ಹೋಗುತ್ತಿದ್ದರು. ಚಪ್ಪರಕ್ಕೆ ಅಡಿಕೆ ದಬ್ಬೆ ಕಟ್ಟುವವರ ಜೊತೆ ಕವಳ ಹಾಕಿ, ತರಕಾರಿ ಹೆಚ್ಚುವವರ ನಡುವೆ ಕೂತು, ಮನೆಯಲ್ಲಿ ಯಾರು ಯಾರಿಗೆ ಏನು ಎಂದು ತಿಳಿದು ಬರುತ್ತಿದ್ದರು. ಮರುದಿನ ಅವರು ಕ್ಯಾಮೆರಾ ಹಿಡಿದು ಬಂದರೆ ಪರಿಚಯದ ಮನುಷ್ಯ ಬಂದಂತೆಯೇ ಆ ಮನೆಯವರು ಇರುತ್ತಿದ್ದರು.

ಅಪ್ಪನ ಆ ವಿಡಿಯೋಗಳಲ್ಲಿ ಬಣ್ಣ ಕದಡಿದೆ, ಗೆರೆ ಮಸುಕು. ಆದರೆ ಒಂದು ಗುಣವಿದೆ. ಆ ಕ್ಯಾಮೆರಾಗಳಲ್ಲಿ ಮುಂದಿದ್ದವರೂ ಹಿಂದಿದ್ದವರೂ ಹೆಚ್ಚುಕಡಿಮೆ ಒಂದೇ ಸ್ಪಷ್ಟತೆಯಲ್ಲಿ ಕಾಣುತ್ತಿದ್ದರು. ಮಾಂಗಲ್ಯ ಕಟ್ಟುವಾಗ ಹಿಂದೆ ದೀಪ ಹಿಡಿದು ನಿಂತ ನಾದಿನಿ, ಅವಳ ಹಿಂದೆ ಮಗುವನ್ನು ಎತ್ತಿ ತೋರಿಸುತ್ತಿರುವ ಅತ್ತೆ, ಅದಕ್ಕೂ ಹಿಂದೆ ಬಾಗಿಲಲ್ಲಿ ಸೌಟು ಹಿಡಿದೇ ನಿಂತ ಅಡುಗೆ ಭಟ್ಟರು, ಎಲ್ಲರೂ ಅಲ್ಲಿದ್ದಾರೆ. 2008ರಲ್ಲಿ ಕ್ಯಾನನ್ ಕಂಪನಿಯ 5ಡಿ ಮಾರ್ಕ್ 2 ಬಂದ ಮೇಲೆ ಫೋಟೋ ಕ್ಯಾಮೆರಾದಲ್ಲೇ ಸಿನಿಮಾ ಗುಣಮಟ್ಟದ ವಿಡಿಯೋ ತೆಗೆಯುವುದು ಸಾಧ್ಯವಾಯಿತು. ಮದುವೆ ವಿಡಿಯೋದ ಚಹರೆ ಬದಲಾದದ್ದು ಅಲ್ಲಿಂದ. ದೊಡ್ಡ ಸೆನ್ಸರ್, ಅಗಲ ಬಾಯಿಯ ಲೆನ್ಸ್. ಮದುಮಕ್ಕಳ ಮುಖ ನಿಚ್ಚಳ, ಹಿಂದಿನದೆಲ್ಲ ಮೆತ್ತಗೆ ಕರಗಿದ ಬಣ್ಣ. ಅದರ ಸೊಬಗನ್ನು ನಾನು ಒಪ್ಪುತ್ತೇನೆ. ಕಣ್ಣಿನ ರೆಪ್ಪೆಯ ಮೇಲಿನ ಹನಿಯನ್ನೂ ಅದು ಹಿಡಿಯುತ್ತದೆ. ಆದರೆ ಆ ಕರಗಿದ ಬಣ್ಣದಲ್ಲಿ ನಾದಿನಿ, ಅತ್ತೆ, ಭಟ್ಟರು ಎಲ್ಲ ಕರಗಿಹೋದರು. ಒಬ್ಬ ಮನುಷ್ಯನ ಗುಣ ಅವನೊಬ್ಬನ ಮುಖದಲ್ಲಿ ಮಾತ್ರ ಇರುತ್ತದೆಯೇ? ಯಾರು ಬಂದರೆ ಅವನ ಬೆನ್ನು ನೆಟ್ಟಗಾಗುತ್ತದೆ, ಯಾರನ್ನು ಕಂಡರೆ ಮುಖ ಅರಳುತ್ತದೆ, ಯಾರ ಮುಂದೆ ಅವನು ಮತ್ತೆ ಹತ್ತು ವರ್ಷದ ಹುಡುಗನಾಗುತ್ತಾನೆ ಎಂಬುದು ತಿಳಿಯಬೇಕಾದರೆ ಎದುರಿಗಿರುವವರೂ ಕಾಣಬೇಕು. ಅದಕ್ಕೇ ತಮ್ಮನಿಗೆ ನಾನು ಯಾವಾಗಲೂ ಹೇಳುವುದು: ಇಬ್ಬರ ಮುಖವನ್ನು ಹತ್ತಿರದಿಂದ ತೆಗಿ, ಆಮೇಲೆ ಎರಡು ಹೆಜ್ಜೆ ಹಿಂದೆ ಬಂದು ಅವರ ಜನರನ್ನೂ ತೆಗಿ.

ನೋಟ ಉಳಿಸಿಕೊಂಡ ಆ ಹಳೆಯ ವಿಡಿಯೋಗಳು ದನಿಯನ್ನು ಮಾತ್ರ ಕಳೆದುಕೊಂಡಿವೆ. ಆಗ ಕ್ಯಾಸೆಟ್ಟುಗಳನ್ನು ಪೇಟೆಯ ಮಿಕ್ಸಿಂಗ್ ಸೆಂಟರಿಗೆ ಕಳಿಸುವುದು ರೂಢಿ. ಅಲ್ಲಿ ಹೆಸರು ಬರೆದು, ಹೂವಿನ ದಳ ಉದುರಿಸಿ, ಹೃದಯದ ಆಕಾರದಲ್ಲಿ ಮದುಮಕ್ಕಳ ಮುಖ ಕೂರಿಸಿ, ಇಡೀ ಮದುವೆಯ ಮೇಲೆ ಸಿನಿಮಾ ಹಾಡು ಹಾಕಿ ಕೊಡುತ್ತಿದ್ದರು. ಮನೆಯವರಿಗೂ ಅದೇ ಬೇಕಿತ್ತು, ಅದು ಆ ಕಾಲದ ಸಡಗರ. ಆದರೆ ಹಸೆ ಹಾಡು ಹೇಳುತ್ತಿದ್ದ ಅಜ್ಜಿಯರ ಬಾಯಿ ಅಲುಗುವುದು ಈಗ ಆ ವಿಡಿಯೋದಲ್ಲಿ ಕಾಣುತ್ತದೆ, ಕೇಳುವುದಿಲ್ಲ. ಆ ಹಾಡುಗಳಲ್ಲಿ ಮದುಮಕ್ಕಳ ಹೆಸರು, ಅವರ ತವರು, ಬೀಗರ ಛೇಡನೆ ಎಲ್ಲ ಇರುತ್ತಿದ್ದವು. ಆ ಮದುವೆಗೆಂದೇ, ಆ ಜೋಡಿಗೆಂದೇ ಕೂಡಿಸಿ ಹಾಡಿದ ಸಾಲುಗಳೂ ಇರುತ್ತಿದ್ದವು. ಜೋಡಿಯ ವ್ಯಕ್ತಿತ್ವವನ್ನು ಹಾಡಿನಲ್ಲಿ ಹಿಡಿಯುವ ಕೆಲಸವನ್ನು ಸೋಬಾನೆಯ ಹೆಂಗಸರು ನಮಗಿಂತ ಮುಂಚೆಯೇ ಮಾಡುತ್ತಿದ್ದರು. ಹಾಡಿದವರಲ್ಲಿ ಹೆಚ್ಚಿನವರು ಈಗ ಇಲ್ಲ. ಇದನ್ನು ನೆನೆದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಇವತ್ತಿನ ಐದು ನಿಮಿಷದ ಹೈಲೈಟ್ಸ್‌ನಲ್ಲೂ ನಡೆಯುತ್ತಿರುವುದು ಅದೇ. ಹಾಡು ಬದಲಾಗಿದೆ, ತಂತ್ರ ಬದಲಾಗಿದೆ, ಮನೆಯವರ ದನಿ ಈಗಲೂ ಹಾಡಿನ ಕೆಳಗೆ ಹೂತುಹೋಗುತ್ತಿದೆ. ಅಂಗಿಯ ಒಳಗೆ ಸಿಕ್ಕಿಸುವ ಪುಟ್ಟ ಕಾಲರ್ ಮೈಕ್ ಸಿಗುವ ಈ ಕಾಲದಲ್ಲಿ ಹುಡುಗಿಯ ಅಪ್ಪ ಕನ್ಯಾದಾನದ ಸಂಕಲ್ಪ ಹೇಳುವಾಗಿನ ಕಂಠ ಉಳಿಯದೆ ಹೋದರೆ ಅದಕ್ಕೆ ಸಮಾಧಾನ ಹೇಳಿಕೊಳ್ಳುವುದು ಕಷ್ಟ.

ಸಾಮಾನ್ಯ ಪದ್ಧತಿಯನ್ನು ಎಲ್ಲಿ ಬಿಡಬೇಕು ಎಂಬುದನ್ನು ನನಗೆ ಚೆನ್ನಾಗಿ ಕಲಿಸಿದವಳು ಒಬ್ಬ ಮದುಮಗಳು. ಆಕೆಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಸನ್ನೆ ಭಾಷೆಯಲ್ಲಿ ಮಾತಾಡುತ್ತಾಳೆ, ಅದೂ ಬಹಳ ಚುರುಕಾಗಿ. ಆಕೆಯನ್ನು ಮದುವೆಯಾಗುವ ಹುಡುಗ ಕಿವಿ ಕೇಳುವವನು, ಆಕೆಗಾಗಿಯೇ ಆ ಭಾಷೆ ಕಲಿತವನು. ಪುರೋಹಿತರು ಹೇಳುವುದನ್ನು ಪಕ್ಕದಲ್ಲಿ ನಿಂತ ತಂಗಿ ಸನ್ನೆಯಲ್ಲಿ ತಿಳಿಸುತ್ತಿದ್ದಳು. ಮದುವೆ ವಿಡಿಯೋದಲ್ಲಿ ನಾವೆಲ್ಲ ಧಾರಾಳವಾಗಿ ಬಳಸುವ ಸ್ಲೋ ಮೋಷನ್ ಅಲ್ಲಿ ನಡೆಯಲಿಲ್ಲ. ಸೆಕೆಂಡಿಗೆ 100 ಚಿತ್ರ ತೆಗೆದು 25ರ ವೇಗದಲ್ಲಿ ತೋರಿಸಿದರೆ ಒಂದು ಸೆಕೆಂಡು ನಾಲ್ಕಾಗುತ್ತದೆ. ಬೀಸುವ ಸೆರಗಿಗೆ ಅದು ಒಪ್ಪುತ್ತದೆ. ಆದರೆ ಆಕೆಯ ಕೈಯನ್ನು ನಿಧಾನ ಮಾಡಿದರೆ ಮಾತನ್ನು ಎಳೆದು ತೊದಲಿಸಿದಂತೆ. ಮುಖದ ಕ್ಲೋಸ್‌ಅಪ್‌ಗೆ ಹೋದರೆ ಕೈ ಚೌಕಟ್ಟಿನಿಂದ ಹೊರಗೆ, ಮಾತು ಅರ್ಧಕ್ಕೆ ನಿಲ್ಲುತ್ತದೆ. ಬರಿಯ ಕೈ ತೋರಿಸಿದರೂ ಅರ್ಧವೇ, ಆ ಭಾಷೆಯಲ್ಲಿ ಹುಬ್ಬು, ತುಟಿ, ಕಣ್ಣು ಎಲ್ಲ ಸೇರಿ ಅರ್ಥ ಹುಟ್ಟುತ್ತದೆ. ತಲೆಯಿಂದ ಸೊಂಟದವರೆಗೆ ಕಾಣುವ ಶಾಟ್, ಆಕೆಯ ವಾಕ್ಯ ಮುಗಿಯುವವರೆಗೆ ಕಟ್ ಇಲ್ಲ, ಕೆಳಗೆ ಕನ್ನಡದಲ್ಲಿ ಬರಹ: ಹೀಗೆ ಆ ವಿಡಿಯೋದ ವ್ಯಾಕರಣವೇ ಬೇರೆಯಾಯಿತು. ಬರಹವನ್ನು ಸರಿ ನೋಡಲು ತಂಗಿ ನನ್ನ ಪಕ್ಕ ಕೂತಳು. ಹೋಮದ ಹೊಗೆಗೆ ಕಣ್ಣುಜ್ಜಿಕೊಳ್ಳುತ್ತಿದ್ದ ಗಂಡನಿಗೆ ಆಕೆ ಸನ್ನೆ ಮಾಡಿದ್ದನ್ನು ನಾನು ಪ್ರೀತಿಯ ಮಾತಿರಬೇಕು ಅಂದುಕೊಂಡಿದ್ದೆ. “ಅಕ್ಕ ಹೇಳಿದ್ದು, ನಿನ್ನ ಪಂಚೆ ಬೆಂಕಿಗೆ ಹತ್ತಿರ ಇದೆ ಅಂತ” ಎಂದಳು ತಂಗಿ. ಅದೂ ಪ್ರೀತಿಯ ಮಾತೇ. ಆ ವಿಡಿಯೋ ಆ ಜೋಡಿಯ ಹಾಗಿದ್ದರೆ ಅದಕ್ಕೆ ಕಾರಣ ನಾವು ಬಣ್ಣ ಬಳಿದದ್ದಲ್ಲ, ಅವರು ಮಾತಾಡುವ ರೀತಿಗೆ ನಮ್ಮ ಕತ್ತರಿ ಬಾಗಿದ್ದು.

ಇನ್ನೊಂದು ಜೋಡಿ ಹೊಳೆಯಾಚೆಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಹರಡಿದ ಮೇಲೆ ತುಮರಿ ಸೀಮೆಯ ಜನರಿಗೆ ಸಾಗರದ ದಾರಿ ನೀರಿನ ಪಾಲಾಯಿತು. ಅವರ ಓದು, ಸಂತೆ, ಆಸ್ಪತ್ರೆ, ಮದುವೆ ಎಲ್ಲವೂ ಲಾಂಚಿನ ಹೊತ್ತಿಗೆ ಹೊಂದಿಕೊಂಡವು. ಆ ಹುಡುಗ ಹುಡುಗಿ ಇಬ್ಬರೂ ಸಾಗರದ ಕಾಲೇಜಿಗೆ ಲಾಂಚಿನಲ್ಲೇ ಬಂದು ಹೋದವರು. ತಮ್ಮ ಅವರನ್ನು ಶೂಟಿಂಗಿಗೆ ಎಲ್ಲಿಗೆ ಹೋಗೋಣ ಎಂದು ಕೇಳಿದ. “ಎಲ್ಲಿಗೂ ಬೇಡ ಅಣ್ಣ, ನಾವು ಮಾತಾಡಿದ್ದೆಲ್ಲ ಲಾಂಚಿನ ಕಟಾಂಜನ ಹಿಡಕೊಂಡೇ” ಎಂದಳಂತೆ ಹುಡುಗಿ. ಹಾಗಾಗಿ ಅವರ ವಿಡಿಯೋ ಶುರುವಾಗುವುದು ದಿಬ್ಬಣದ ಜೀಪುಗಳು ಒಂದೊಂದಾಗಿ ಲಾಂಚು ಹತ್ತುವುದರಿಂದ. ಬಾಸಿಂಗದ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡ ಸೋದರತ್ತೆ, ನೀರಿನ ನಡುವೆ ಒಣಗಿ ನಿಂತ ಮರದ ಬೊಡ್ಡೆ ತೋರಿಸಿ “ಅಲ್ಲೇ ನಮ್ಮ ಹಳೆ ಮನೆ ಇದ್ದದ್ದು” ಎನ್ನುವ ಅಜ್ಜ, ಲಾಂಚಿನ ಸಿಬ್ಬಂದಿಯನ್ನು ಹೆಸರು ಹಿಡಿದು ಕರೆದು ಲಾಡು ಹಂಚುವ ಹುಡುಗ. ಲಾಂಚಿನ ಎಂಜಿನ್ ಸದ್ದನ್ನು ನಾನು ತೆಗೆಯಲಿಲ್ಲ, ಹಿನ್ನೆಲೆಯಲ್ಲಿ ಮಂಟಪದವರೆಗೂ ಹರಿಯಲು ಬಿಟ್ಟೆ. 2025ರ ಜುಲೈಯಲ್ಲಿ ಆ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಆ ಜನ ತಲೆಮಾರುಗಳಿಂದ ಕಾದಿದ್ದ ಸೇತುವೆ. ಇನ್ನು ಅಲ್ಲಿಯ ಮಕ್ಕಳು ಹೊಳೆ ದಾಟುವುದೆಂದರೆ ಏನೆಂದು ತಿಳಿಯಬೇಕಾದರೆ ಈ ಒಂದು ಮದುವೆಯ ವಿಡಿಯೋ ನೋಡಬಹುದು. ಜೋಡಿಯ ಗುಣವನ್ನು ಪ್ರಾಮಾಣಿಕವಾಗಿ ಹಿಡಿದರೆ ಅದರ ಜೊತೆ ಒಂದು ಊರಿನ ಕಾಲವೂ ಉಳಿಯುತ್ತದೆ ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ಶಾಸ್ತ್ರವೇ ಬೇಡವೆನ್ನುವವರ ಮದುವೆಯೂ ನಮ್ಮಲ್ಲಿಗೆ ಬರುತ್ತದೆ. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ದಾರಿಯಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ 1966ರಲ್ಲಿ ಮದುವೆಯಾದರು. ಇವತ್ತಿಗೂ ಮಲೆನಾಡಿನಲ್ಲಿ ಆ ದಾರಿ ಹಿಡಿಯುವವರಿದ್ದಾರೆ. ಮುಹೂರ್ತವಿಲ್ಲ, ವರದಕ್ಷಿಣೆಯಿಲ್ಲ, ವೈಭವವಿಲ್ಲ. ಪ್ರತಿಜ್ಞೆಯನ್ನು ಓದುವುದೇ ಮದುವೆ. ಇಂಥ ಮದುವೆಗೆ ಕ್ಯಾಮೆರಾ ಹಿಡಿದು ಹೋದವರು ಮೊದಲು ಗಾಬರಿಯಾಗುತ್ತಾರೆ, ತೆಗೆಯಲು ಏನಿದೆ ಇಲ್ಲಿ ಎಂದು. ಇರುವುದು ಓದು. ತಮ್ಮ ತೆಗೆದ ಒಂದು ಮಂತ್ರಮಾಂಗಲ್ಯದಲ್ಲಿ ಹುಡುಗನಿಗೆ ಓದುತ್ತ ಒಂದು ಕಡೆ ಗಂಟಲು ಕಟ್ಟಿತು. ಹುಡುಗಿ ಅವನ ಪರವಾಗಿ ಮುಂದಿನ ಸಾಲು ಓದಲಿಲ್ಲ. ಅವನು ನಿಂತ ಪದದ ಕೆಳಗೆ ಬೆರಳಿಟ್ಟು ಕಾದಳು. ಎದುರಿಗಿದ್ದವರೂ ಕಾದರು. ಅವನು ಉಗುಳು ನುಂಗಿ ಮುಂದುವರಿಸಿದ. ಆ ಮೌನವನ್ನು ನಾನು ಒಂದು ಫ್ರೇಮೂ ಕತ್ತರಿಸದೆ ಉಳಿಸಿದೆ. ಸಮಾನತೆಯ ಬಗ್ಗೆ ಅವರು ಓದಿದ ಮಾತುಗಳಿಗೆಲ್ಲ ಆ ಬೆರಳೇ ಭಾಷ್ಯ.

ಹೀಗೆ ನೋಡುವುದಕ್ಕೆ ಮೊದಲೇ ಒಂದಿಷ್ಟು ತಿಳಿದಿರಬೇಕು. ಅಪ್ಪ ಹಿಂದಿನ ಸಂಜೆ ಹೋಗಿ ಕೂರುತ್ತಿದ್ದಂತೆ ಈಗ ಎಲ್ಲ ಕಡೆ ಕೂರಲು ಆಗುವುದಿಲ್ಲ. ಕಲ್ಯಾಣ ಮಂಟಪ ಕೈಗೆ ಬರುವುದೇ ಹಿಂದಿನ ಸಂಜೆ, ಬಂದ ಕೂಡಲೇ ರಿಸೆಪ್ಷನ್. ಹಾಗಾಗಿ ತಮ್ಮ ಜೋಡಿಗಳ ಜೊತೆ ಮುಂಚೆಯೇ ಒಂದು ದಿನ ಕೂತು ಮಾತಾಡುತ್ತಾನೆ. ಯಾವ ಹಾಡು, ಯಾವ ಬಣ್ಣ ಎಂದು ಕೇಳುವುದು ಕೊನೆಗೆ. ಮೊದಲು ಕೇಳುವುದು ಇಂಥವು: ಯಾರೊಬ್ಬರು ಬರದಿದ್ದರೆ ನಿಮಗೆ ಮದುವೆ ಮದುವೆ ಅನ್ನಿಸುವುದಿಲ್ಲ? ಮನೆಯಲ್ಲಿ ಯಾರಿಗೆ ಮಂಡಿನೋವು, ಯಾರು ಮುಂದೆ ಬಂದು ನಿಲ್ಲುವುದಿಲ್ಲ? ನಿಮ್ಮಿಬ್ಬರಲ್ಲಿ ಬೇಗ ಅಳುವವರು ಯಾರು? ಯಾವುದನ್ನು ತೆಗೆಯಬಾರದು? ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರ ಬಹಳ ಅಮೂಲ್ಯ. ಅಪ್ಪ ಅಮ್ಮ ದೂರವಾಗಿರುವ ಮನೆಯಿರುತ್ತದೆ, ಅವರನ್ನು ಬಲವಂತವಾಗಿ ಅಕ್ಕಪಕ್ಕ ನಿಲ್ಲಿಸಬಾರದು. ಅಳುವಾಗ ತನ್ನ ಮುಖ ತೋರಿಸಬೇಡಿ ಎನ್ನುವ ಹುಡುಗಿಯಿರುತ್ತಾಳೆ. ಒಬ್ಬರ ವ್ಯಕ್ತಿತ್ವವನ್ನು ಗೌರವಿಸುವುದೆಂದರೆ ಅವರು ಮುಚ್ಚಿಟ್ಟುಕೊಳ್ಳುವುದನ್ನೂ ಗೌರವಿಸುವುದು. ಕ್ಯಾಮೆರಾ ಇಳಿಸಬೇಕಾದ ಹೊತ್ತು ಯಾವುದು ಎಂದು ಬಲ್ಲವರನ್ನೇ ನಾನು ಒಳ್ಳೆಯ ವಿಡಿಯೋಗ್ರಾಫರ್ ಎನ್ನುತ್ತೇನೆ.

ಇಷ್ಟೆಲ್ಲ ಯಾಕೆ ಮನಸ್ಸಿಗೆ ಹಚ್ಚಿಕೊಳ್ಳಬೇಕು ಎಂದು ಕೇಳಿದರೆ, ಹಳೆಯ ಕ್ಯಾಸೆಟ್ಟು ಹಿಡಿದು ನಮ್ಮಲ್ಲಿಗೆ ಬರುವವರನ್ನು ತೋರಿಸುತ್ತೇನೆ. ಮಲೆನಾಡಿನ ಮಳೆಗೆ ವಿಎಚ್‌ಎಸ್ ಟೇಪಿಗೆ ಬೂಷ್ಟು ಹಿಡಿಯುತ್ತದೆ, ಸುರುಳಿಯ ಅಂಚಿನಲ್ಲಿ ಬಿಳಿ ಹುಡಿ ಕೂರುತ್ತದೆ. ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ಅದನ್ನು ನಿಲ್ಲಿಸಿತು. ಉಳಿದ ಹಳೆಯ ಪ್ಲೇಯರ್‌ಗಳನ್ನು ರಿಪೇರಿ ಮಾಡಿಕೊಂಡು ಟೇಪು ಒರೆಸಿ, ನಿಧಾನವಾಗಿ ಸುತ್ತಿ, ಕಂಪ್ಯೂಟರಿಗೆ ಇಳಿಸಿಕೊಡುತ್ತೇವೆ. ಚಿತ್ರ ಬರುತ್ತಿದ್ದಂತೆ ಬಂದವರ ಕಣ್ಣು ತಮ್ಮ ಸೀರೆ, ಒಡವೆ, ಮಂಟಪದ ಅಲಂಕಾರದ ಮೇಲೆ ನಿಲ್ಲುವುದನ್ನು ನಾನು ಕಂಡಿಲ್ಲ. ಅವರು ಹುಡುಕುವುದು ತೀರಿಕೊಂಡ ಅಮ್ಮನನ್ನು, ಈಗ ಮಾತು ಬಿಟ್ಟಿರುವ ಅಣ್ಣನನ್ನು, ಆಗಿನ ತಮ್ಮ ನಗುವನ್ನು. ಜೊತೆಗೆ ಬಂದ ಮಕ್ಕಳು ಹುಡುಕುವುದು ಇನ್ನೂ ಬೇರೆ. ತಮ್ಮ ಅಪ್ಪ ಅಪ್ಪನಾಗುವ ಮೊದಲು ಎಂಥವನಿದ್ದ, ಅಮ್ಮ ಅಮ್ಮನಾಗುವ ಮೊದಲು ಎಂಥವಳಿದ್ದಳು ಎಂದು ಅವರು ಕಣ್ಣರಳಿಸಿ ನೋಡುತ್ತಾರೆ. “ಅಮ್ಮ, ನೀನು ಇಷ್ಟು ಜೋರಾಗಿ ನಗ್ತಿದ್ಯಾ?” ಎಂದು ಒಬ್ಬ ಹುಡುಗಿ ಕೇಳಿದ್ದನ್ನು ಕೇಳಿಸಿಕೊಂಡಿದ್ದೇನೆ. ಮದುವೆಯ ವಿಡಿಯೋ ಮದುವೆಯಾದವರಿಗಷ್ಟೇ ಎಂದು ನಾವು ತಿಳಿದಿರುತ್ತೇವೆ. ಅದರ ನಿಜವಾದ ನೋಡುಗರು ಆ ದಿನ ಇನ್ನೂ ಹುಟ್ಟಿಯೇ ಇರುವುದಿಲ್ಲ.

ಆದ್ದರಿಂದ ಮದುವೆ ನಿಶ್ಚಯವಾದ ಮನೆಗಳಿಗೆ ನನ್ನದೊಂದು ಬಿನ್ನಹ. ನಿಮ್ಮ ಥರದ ವಿಡಿಯೋ ಬೇಕೆಂದು ಖಂಡಿತ ಕೇಳಿ, ಅದು ನಿಮ್ಮ ಹಕ್ಕು. ಕೇಳುವಾಗ ನಿಮ್ಮ ಜನರ ಬಗ್ಗೆ ಹೇಳಿ. ಅಜ್ಜಿಗೆ ಹಾಡು ಬರುತ್ತಿದ್ದರೆ ಅವರ ಹತ್ತಿರ ಒಂದು ಮೈಕ್ ಇಡಲು ಹೇಳಿ. ಹೈಲೈಟ್ಸ್ ತೆಗೆದುಕೊಳ್ಳಿ, ಅದರ ಜೊತೆಗೆ ಧಾರೆಯನ್ನು ಹಾಡು ಹಾಕದೆ, ಕತ್ತರಿಸದೆ, ಇದ್ದ ಹಾಗೆಯೇ ಕೊಡಲು ಕೇಳಿ. ಫುಟೇಜ್‌ನ ಪ್ರತಿಯನ್ನು ಎರಡು ಹಾರ್ಡ್ ಡಿಸ್ಕಿಗೆ ಹಾಕಿ ಎರಡು ಮನೆಯಲ್ಲಿ ಇಡಿ. ನನ್ನ ಕಸುಬಿನ ಗೆಳೆಯ ಗೆಳತಿಯರಿಗೂ ಒಂದು ಮಾತು. ಡ್ರೋನ್ ಹಾರಿಸಿ, ಗಿಂಬಲ್ ಹಿಡಿದು ಓಡಾಡಿ, ಹೊಸ ತಂತ್ರಗಳೆಲ್ಲ ನಮ್ಮವೇ. ಆದರೆ ಹಸೆಮಣೆಯ ಎದುರು ಬಂದಾಗ ಸ್ವಲ್ಪ ಹೊತ್ತು ಅಲುಗದೆ ನಿಲ್ಲಿ. ಅಲ್ಲಿ ಇಬ್ಬರು ಮನುಷ್ಯರು ಎಲ್ಲರೂ ಮಾಡಿದ್ದನ್ನೇ ತಮ್ಮದೇ ರೀತಿಯಲ್ಲಿ ಮಾಡುತ್ತಿದ್ದಾರೆ. ಅವರು ಎಂಥವರು ಎಂದು ಮುಂದೆ ಅವರ ಮಕ್ಕಳು ಕೇಳಿದಾಗ ಸುಳ್ಳಿಲ್ಲದ ಉತ್ತರ ಕೊಡುವ ಹೊಣೆ ನಮ್ಮ ಮೇಲಿದೆ. ಆ ಹೊಣೆಯನ್ನು ಹೊರಲು ಸಿಕ್ಕಿರುವುದೇ ಈ ಕಸುಬಿನ ದೊಡ್ಡ ಸಂಪಾದನೆ ಎಂದು ನಾನು ನಂಬಿದ್ದೇನೆ.